ಪಿಂಚಣಿ ಕೋಳಿಗಳೂ ಕಡಲಹಕ್ಕಿಗಳೂ

ಗದಗಿನ ಡಾಕ್ಟರನ್ನು ಆ ಕೆಲಸಕ್ಕೆ ಕರೆತಂದವನು ನಾನೇ. ಮುಂದೆ ನಡೆದದ್ದಕ್ಕೆ ಬೇರೆ ಯಾರನ್ನೂ ದೂರುವ ಹಾಗಿಲ್ಲ. ಅದಕ್ಕೇ ಇದನ್ನು ಮೊದಲು ಹೇಳಿಬಿಡುತ್ತಿದ್ದೇನೆ.

ನಾನು ಉಡುಪಿಯವನು. ಮಲಯ್ ನಾಡಿನ ಸೈಬರ್‌ಜಯಾದ ಹತ್ತಿರ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುತ್ತೇನೆ. ಉತ್ತರದ ಕೆಡಾ ಕರಾವಳಿಯಲ್ಲಿ ಎಣ್ಣೆತಾಳೆ ತೋಟವೊಂದರವರು ಕಾಲುವೆ ತೋಡುವಾಗ ಚಿಪ್ಪಿನ ದಿಬ್ಬ ಸಿಕ್ಕಿತ್ತು. ಸಾವಿರಾರು ವರ್ಷಗಳ ಹಿಂದೆ, ಬೇಸಾಯ ಇನ್ನೂ ಗೊತ್ತಿಲ್ಲದ ಜನ ಕಡಲಂಚಿನಲ್ಲಿ ಕೂತು, ನಮ್ಮೂರಿನವರು ಮರುವಾಯಿ ಎನ್ನುವಂಥ ಚಿಪ್ಪುಮೀನು ತಿಂದು ಎಸೆದ ಚಿಪ್ಪುಗಳೇ ಅಲ್ಲಿ ಆಳೆತ್ತರ ಬೆಳೆದಿದ್ದವು. ಈಗ ಕಡಲು ಅಲ್ಲಿಂದ ಬಹಳ ದೂರ ಸರಿದಿದೆ. ದಿಬ್ಬವನ್ನು ಅಗೆಯುತ್ತಿದ್ದ ಪುರಾತತ್ವದ ಪ್ರೊಫೆಸರ್ ಒಬ್ಬ ಮಲಯ್ ಮಹಿಳೆ. ಅಲ್ಲಿ ಸಿಕ್ಕ ಒಂದು ಸಮಾಧಿಯ ಮನುಷ್ಯನ ಮೂಳೆಗಳನ್ನು ನೋಡಿಕೊಡಿ ಎಂದು ನಮ್ಮ ವಿಭಾಗಕ್ಕೆ ಬಂದಿದ್ದರು. ಆ ಕೆಲಸ ಎರಡು ವಾರದಲ್ಲಿ ಮುಗಿಯಿತು. ಹೊರಡುವಾಗ ಅವರು ಒಂದು ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟರು.

"ಇವು ಮನುಷ್ಯರದಲ್ಲ ಡಾಕ್ಟರ್, ಹಕ್ಕಿಯದಿರಬೇಕು. ನಮ್ಮಲ್ಲಿ ನೋಡುವವರು ಯಾರೂ ಇಲ್ಲ. ಬಿಡುವಿದ್ದರೆ ನೋಡಿ ಲಾ," ಎಂದರು. ಇಲ್ಲಿಯವರ ಮಾತಿನ ಕೊನೆಗೆ ಈ 'ಲಾ' ಅಂಟಿಕೊಂಡೇ ಇರುತ್ತದೆ.

ಆ ಚೀಲ ನನ್ನ ಎರಡು ವರ್ಷ ತಿಂದಿತು.

ಹಳೆಯ ಮೂಳೆ ಯಾವ ಹಕ್ಕಿಯದೆಂದು ಹೇಳಬೇಕಾದರೆ ಪಕ್ಕದಲ್ಲಿಟ್ಟು ನೋಡಲು ಹೊಸ ಮೂಳೆ ಬೇಕು. ನನ್ನ ಬಳಿ ಒಂದೂ ಇರಲಿಲ್ಲ. ವನ್ಯಜೀವಿ ಇಲಾಖೆಗೆ ಅರ್ಜಿ ಹಾಕಿ ಅನುಮತಿ ಪಡೆದೆ. ದಡದಲ್ಲಿ ಸತ್ತು ಬಿದ್ದ ಹಕ್ಕಿಗಳನ್ನು ಇಲಾಖೆಯವರು ಐಸಿನಲ್ಲಿಟ್ಟು ಕಳಿಸುತ್ತಿದ್ದರು. ಮಾಂಸವನ್ನು ಆದಷ್ಟು ಬಿಡಿಸಿ, ಉಳಿದದ್ದನ್ನು ಸೋಪಿನ ಪುಡಿ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಬೇಕು. ಕುದಿಸಿದರೆ ಮೂಳೆ ಕೆಡುತ್ತದೆ. ಕಾಲೇಜಿನಲ್ಲಿ ಜಾಗ ಸಾಲದೆ ಒಂದು ಬಕೆಟ್ಟನ್ನು ಮನೆಯ ಬಾಲ್ಕನಿಗೆ ತಂದೆ. ಮಗಳು ಮೂಗು ಮುಚ್ಚಿಕೊಂಡು, "ಅಪ್ಪಾ, ದಿಸ್ ಈಸ್ ಡಿಸ್ಗಸ್ಟಿಂಗ್ ಲಾ!" ಎಂದಳು. ಮೂರನೆಯ ದಿನ ಪಕ್ಕದ ಮನೆಯವರ ದೂರು ಬಂತು. ಬಕೆಟ್ ವಾಪಸು ಕಾಲೇಜಿಗೆ ಹೋಯಿತು.

ಹೀಗೆ ಕೊಕ್ಕರೆ, ಕೋಳಿ, ಬಾತು, ಕವಲು ಬಾಲದ ಟರ್ನ್, ಕೊನೆಗೆ ಬೂಬಿ ಎಂಬ ಬಾತಿಗಿಂತ ದೊಡ್ಡ ಕಡಲಹಕ್ಕಿ, ಎಲ್ಲವೂ ನನ್ನ ಟ್ರೇಗಳಿಗೆ ಬಂದವು. ಚೀಲದ ಮೂಳೆಗಳನ್ನು ಒಂದೊಂದಾಗಿ ಅವುಗಳ ಪಕ್ಕದಲ್ಲಿಟ್ಟು ನೋಡಿದೆ. ಬಹುಪಾಲು ಬೂಬಿಯವು. ಅದರಲ್ಲೂ ರೆಕ್ಕೆಯ ಮೂಳೆಗಳೇ ಹೆಚ್ಚು. ಎದೆಯ ಮೂಳೆ ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕು ರೆಕ್ಕೆಮೂಳೆಗಳ ತುದಿಯನ್ನು ಯಾರೋ ಕಲ್ಲಿಗೆ ಉಜ್ಜಿ ಚೂಪು ಮಾಡಿದ್ದರು. ಬಳಸಿ ಬಳಸಿ ಹೊಳಪು ಬಂದಿತ್ತು. ಎರಡೂ ತುದಿ ಮುರಿದುಹೋದ, ಗಾತ್ರದಿಂದ ಬೂಬಿಯವೆಂದು ಕಂಡರೂ ಯಾವ ಮೂಳೆ ಎಂದು ಹೇಳಲಾಗದ ತುಂಡುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಮೇಲೆ 'ಉಪಯೋಗವಿಲ್ಲ' ಎಂದು ಬರೆದೆ.

ರೆಕ್ಕೆ ಮಾತ್ರ ಯಾಕೆ? ಉತ್ತರ ನನಗೆ ಕೂಡಲೇ ಹೊಳೆಯಿತು. ಮಲ್ಪೆಯ ದಡದಲ್ಲಿ ಮಳೆಗಾಲದ ಬಿರುಗಾಳಿಯ ನಂತರ ಸತ್ತುಬಿದ್ದ ಕಡಲಹಕ್ಕಿಗಳನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ನಾಯಿ ಕಾಗೆಗಳು ಮೈ ತಿಂದು ಮುಗಿಸಿದ ಮೇಲೆ ಉಳಿಯುವುದು ರೆಕ್ಕೆಗಳೇ. ಆ ಹಳೆಯ ಜನ ಹಕ್ಕಿಯ ಬೇಟೆಯಾಡಲಿಲ್ಲ, ಗಾಳಿ ತಂದು ಎಸೆದ ರೆಕ್ಕೆಗಳನ್ನು ಗರಿಗೂ ಮೂಳೆಗೂ ಹೆಕ್ಕಿಕೊಂಡರು. ಇದು ನನ್ನ ವಾದ. ಪ್ರೊಫೆಸರ್ ಕೇಳಿ ತಲೆದೂಗಿದರು. "ವರದಿಯಲ್ಲಿ ಹಕ್ಕಿಗಳ ಅಧ್ಯಾಯ ನಿಮ್ಮದು," ಎಂದರು. ನಾನು ಬರೆದ ಪುಸ್ತಕಗಳಿಲ್ಲ, ದೊಡ್ಡ ಸಂಶೋಧನೆಯಿಲ್ಲ. ಮನೆಗೆ ಬಂದು ಆ ಮಾತನ್ನು ಹೆಂಡತಿಗೆ ಮೂರು ಸಲ ಹೇಳಿದೆ.

ಉಳಿದದ್ದು ಒಂದೇ ಕೆಲಸ: ಚೂಪು ಮಾಡಿದ ಮೂಳೆಗಳ ಒಳಗೆ ಬಿರುಕಿದೆಯೇ ಎಂದು ನೋಡುವುದು. ನಮ್ಮ ದಂತ ವಿಭಾಗದಲ್ಲಿ ದವಡೆಯ ಚಿತ್ರ ತೆಗೆಯುವ ಸಣ್ಣ ಸ್ಕ್ಯಾನ್ ಯಂತ್ರವಿದೆ. ಅದನ್ನು ಚೆನ್ನಾಗಿ ಬಲ್ಲವರು ರೇಡಿಯಾಲಜಿಯ ಗದಗಿನ ಡಾಕ್ಟರು. ನನ್ನದೇ ವಯಸ್ಸು. ನಮ್ಮದೇ ಕಟ್ಟಡದಲ್ಲಿ ಎರಡು ಮಹಡಿ ಕೆಳಗೆ ಮನೆ. ದಿನವೂ ನನ್ನ ಕಾರಿನಲ್ಲಿ ಒಟ್ಟಿಗೇ ಕಾಲೇಜಿಗೆ ಹೋಗುತ್ತಿದ್ದೆವು. ಒಂದು ಬೆಳಗ್ಗೆ ಕಾರಿನಲ್ಲೇ ಕೇಳಿದೆ.

"ನಾಲ್ಕು ಮೂಳೆ ಉಂಟು ಮಾರಾಯ್ರೆ, ಸ್ವಲ್ಪ ಸ್ಕ್ಯಾನ್ ಮಾಡಿ ಕೊಡ್ತೀರಾ?"

"ಕೊಡ್ರಿ ಸರ, ಅದೇನ್ ದೊಡ್ಡ ಮಾತು. ಮಷೀನ್ ಹೆಂಗೂ ಹಚ್ಚತೀವಲ್ಲ, ಉಳದದ್ದೂ ಕೊಡ್ರಿ. ಒಳಗ ಏನೈತಿ ನೋಡೂಣು."

ನಕ್ಕು ಇಡೀ ಪೆಟ್ಟಿಗೆ ಕೊಟ್ಟೆ. 'ಉಪಯೋಗವಿಲ್ಲ' ಡಬ್ಬಿಯೂ ಅದರಲ್ಲೇ ಇತ್ತು.

ಹತ್ತು ದಿನದ ನಂತರ ಅವರು ನನ್ನ ಕೋಣೆಗೆ ಲ್ಯಾಪ್‌ಟಾಪ್ ಹಿಡಿದು ಬಂದರು. ಚೂಪು ಮೂಳೆಗಳ ವಿಷಯ ಎರಡೇ ನಿಮಿಷದಲ್ಲಿ ಮುಗಿಸಿ, ಡಬ್ಬಿಯ ತುಂಡುಗಳ ಚಿತ್ರ ತೆಗೆದರು.

"ಹಕ್ಕಿ ಮೂಳಿ ಅಂದ್ರ ಒಳಗ ಟೊಳ್ಳ ಇರಬೇಕಲ್ರೀ? ಈ ಏಳು ತುಂಡು ನೋಡ್ರಿ. ಒಳಗ ಏನೋ ತುಂಬೈತಿ."

"ಅದು ಮಣ್ಣು. ಚಿಪ್ಪಿನ ಸುಣ್ಣ ಕರಗಿ ಒಳಗೆ ಇಳಿದು ಗಟ್ಟಿಯಾಗಿದೆ, ಅಷ್ಟೇ."

"ಮಣ್ಣಾಗಿದ್ರ ಎಲ್ಲಾದ್ರಾಗೂ ಇರಬೇಕಿತ್ತಲ್ಲ. ಬರೇ ಏಳರಾಗ ಯಾಕ್ರಿ?"

ನಾನು ಗಡಿಯಾರ ನೋಡಿಕೊಂಡು, ಕ್ಲಾಸಿದೆ ಎಂದು ಎದ್ದೆ. ಕ್ಲಾಸು ಇದ್ದದ್ದು ಒಂದು ಗಂಟೆಯ ನಂತರ.

ಅವರು ಅಲ್ಲಿಗೆ ಬಿಡಲಿಲ್ಲ. ಆ ಭಾನುವಾರ ಬೆಳಗ್ಗೆ ಕಾಜಾಂಗ್‌ನ ಮಾರ್ಕೆಟ್ಟಿಗೆ ಹೋಗಿ ಎರಡು ಬಗೆಯ ಕೋಳಿ ತಂದರು. ಒಂದು ಸಾಮಾನ್ಯ ಬ್ರಾಯ್ಲರ್. ಇನ್ನೊಂದು, ಮೊಟ್ಟೆ ಇಟ್ಟು ಇಟ್ಟು ದಣಿದು, ಇನ್ನೂ ಅಷ್ಟಿಷ್ಟು ಇಡುತ್ತಿರುವಾಗಲೇ ಮಾಂಸಕ್ಕೆ ಮಾರುವ ಮುದಿ ಕೋಳಿ. ಇಲ್ಲಿಯವರು ಅದಕ್ಕೆ 'ಆಯಾಮ್ ಪೆಂಚೆನ್' ಎನ್ನುತ್ತಾರೆ, ಪಿಂಚಣಿ ಕೋಳಿ. ಎರಡರ ಕಾಲುಗಳನ್ನೂ ಸ್ಕ್ಯಾನ್ ಮಾಡಿ, ಮಾಂಸವನ್ನು ಸಾರು ಮಾಡಿಸಿ ನಮ್ಮ ಮನೆಗೂ ಒಂದು ಡಬ್ಬಿ ಕಳಿಸಿದರು. ಡಬ್ಬಿಯ ಹಿಂದೆಯೇ ವಾಟ್ಸ್ಯಾಪಿನಲ್ಲಿ ಚಿತ್ರ ಬಂತು. ಬ್ರಾಯ್ಲರಿನ ಮೂಳೆ ಒಳಗೆ ಖಾಲಿ. ಪಿಂಚಣಿ ಕೋಳಿಯ ಮೂಳೆಯೊಳಗೆ ಸ್ಪಂಜಿನಂತೆ ತುಂಬಿದ ಬಿಳಿ. ಅದರ ಕೆಳಗೆ ದಿಬ್ಬದ ತುಂಡು. ಎರಡೂ ಒಂದೇ ಥರ.

ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಹಕ್ಕಿ ಚಿಪ್ಪಿಗೆ ಬೇಕಾದ ಸುಣ್ಣವನ್ನು ಮೊದಲೇ ಮೂಳೆಯ ಟೊಳ್ಳಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮೊಟ್ಟೆ ಇಡುವುದು ಮುಗಿದ ಮೇಲೆ ಅದು ಕರಗಿಹೋಗುತ್ತದೆ. ಇದನ್ನು ನಾನು ಓದಿದ್ದೆ. ಓದಿ ಮರೆತಿದ್ದೆನೆಂದಲ್ಲ, ನನ್ನ ಮೂಳೆಗಳಿಗೆ ಅದನ್ನು ಹಚ್ಚಿ ನೋಡಲಿಲ್ಲ, ಅಷ್ಟೇ. ಅವರ ಮಾತು ನಿಜವಾದರೆ ನನ್ನ ಮಲ್ಪೆಯ ವಾದ ಬಿದ್ದುಹೋಗುತ್ತಿತ್ತು. ಬೂಬಿ ಮೊಟ್ಟೆ ಇಡುವುದು ನಡುಗಡಲಿನ ಬಂಡೆದ್ವೀಪಗಳಲ್ಲಿ ಮಾತ್ರ. ಬಸುರಿ ಹಕ್ಕಿಗಳು ಹೀಗೆ ಗುಂಪಾಗಿ ದಡಕ್ಕೆ ಬಂದು ಸಾಯುವುದಿಲ್ಲ. ಹಾಗಾದರೆ ಆ ಜನ ದೋಣಿ ಏರಿ, ದಡ ಕಾಣದಷ್ಟು ದೂರ ಹೋಗಿ, ಗೂಡಿನಲ್ಲಿ ಕೂತ ಹಕ್ಕಿಗಳನ್ನೇ ಹಿಡಿದು ತಂದಿದ್ದರು.

ಅಂದು ಸಾರು ರುಚಿಯಾಗಿತ್ತು ಎಂದು ಹೆಂಡತಿ ಹೇಳಿದಳು. ನಾನು ಹಸಿವಿಲ್ಲ ಎಂದೆ.

ಹೊಟ್ಟೆಕಿಚ್ಚು ಎಂಬ ಮಾತನ್ನು ಆಗ ನನಗೆ ನಾನೇ ಹೇಳಿಕೊಳ್ಳಲಿಲ್ಲ. ಬೇರೆ ಮಾತುಗಳನ್ನು ಹುಡುಕಿಕೊಂಡೆ. ಈ ಮನುಷ್ಯ ಓದು ಮುಗಿಯುವ ತನಕ ಕಡಲನ್ನೇ ನೋಡದವನು. ಒಂದು ಹಕ್ಕಿಯನ್ನಾದರೂ ಕೊಯ್ದು ನೆನೆಹಾಕಿ ಆ ವಾಸನೆ ಕುಡಿದವನಲ್ಲ. ನನ್ನ ಎರಡು ವರ್ಷಕ್ಕೆ ಅವನ ಒಂದು ಭಾನುವಾರ. ಅವರು ಚಿತ್ರವನ್ನು ಪ್ರೊಫೆಸರಿಗೂ ಕಳಿಸಿದ್ದರು, ನನ್ನನ್ನು ಸೇರಿಸಿಯೇ, 'ನಮ್ಮ ಡಾಕ್ಟರರ ಮೂಳೆಗಳು' ಎಂದು ಬರೆದು. ಅದರಲ್ಲೂ ನನಗೆ ಕುಹಕ ಕಂಡಿತು. ಮುಂದಿನ ವಾರ ಪ್ರೊಫೆಸರ್ ಬಂದಾಗ ಅವರಿಬ್ಬರೂ ಮಲಯ್ ಭಾಷೆಯಲ್ಲಿ ಏನೋ ಹೇಳಿ ನಗುತ್ತಿದ್ದರು. ಬಂದು ಒಂಬತ್ತು ವರ್ಷವಾದರೂ ಚಹಾ ಕೇಳುವಷ್ಟು ಮಲಯ್ ಮಾತ್ರ ಕಲಿತ ನಾನು ಪಕ್ಕದಲ್ಲಿ ಟ್ರೇ ಒರೆಸುತ್ತಾ ನಿಂತಿದ್ದೆ.

ಪ್ರೊಫೆಸರ್ ನನ್ನ ಕಡೆ ತಿರುಗಿದರು. "ಮಣ್ಣೋ ಮೂಳೆಯೋ, ಖಚಿತವಾಗಬೇಕು ಡಾಕ್ಟರ್. ತೋಟದವರು ಕಾಲುವೆ ಮುಂದುವರಿಸಲು ಕಾಯುತ್ತಿದ್ದಾರೆ. ಪುತ್ರಜಯಾದ ಸರ್ಕಾರಿ ಕಚೇರಿಯಲ್ಲಿ ಸದ್ಯದಲ್ಲೇ ಮೀಟಿಂಗ್. ಬರೀ ಚಿಪ್ಪು ತಿಂದು ಬಿದ್ದ ರೆಕ್ಕೆ ಹೆಕ್ಕಿದವರ ದಿಬ್ಬ ಎಂದರೆ ಉಳಿಸಿಕೊಳ್ಳುವುದು ಕಷ್ಟ. ಕಡಲಿಗಿಳಿದವರು ಎಂದರೆ ಮಾತೇ ಬೇರೆ. ನೀವು ಒಂದು ತುಂಡು ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳಿ."

"ಸರ್ ನೋಡಿದ್ರಂದ್ರ ಮುಗೀತ್ರಿ," ಎಂದರು ಗದಗಿನವರು, ನನ್ನ ಭುಜ ಮುಟ್ಟಿ.

ಆ ಕೆಲಸ ನಾನು ಚೆನ್ನಾಗಿ ಬಲ್ಲೆ. ತುಂಡನ್ನು ರಾಳದಲ್ಲಿ ಹುದುಗಿಸಿ ಗಟ್ಟಿಯಾಗಲು ಬಿಟ್ಟೆ. ವಜ್ರದ ಪುಡಿ ಮೆತ್ತಿದ ಗರಗಸವನ್ನು ನಿಧಾನಕ್ಕೆ ಓಡಿಸಿ ಬಿಲ್ಲೆ ಕತ್ತರಿಸಿದೆ. ನೀರು ಹಾಕಿ ಉಪ್ಪುಕಾಗದದ ಮೇಲೆ ಉಜ್ಜಿದೆ, ಮೊದಲು ಒರಟು, ಆಮೇಲೆ ನಯ. ಕೆಳಗಿಟ್ಟ ಪತ್ರಿಕೆಯ ಅಕ್ಷರ ಬಿಲ್ಲೆಯ ಮೂಲಕ ಕಾಣುವಷ್ಟು ತೆಳುವಾದ ಮೇಲೆ ಗಾಜಿಗೆ ಅಂಟಿಸಿದೆ. ಮೈಕ್ರೋಸ್ಕೋಪಿನ ಮುಂದೆ ಕೂತಾಗ ಕೋಣೆಯಲ್ಲಿ ಯಾರೂ ಇರಲಿಲ್ಲ.

ಮೂಳೆಯೇ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಎಳೆ ಎಳೆಯಾಗಿ ಟೊಳ್ಳಿನೊಳಕ್ಕೆ ಬೆಳೆದಿತ್ತು, ನಡುವೆ ರಕ್ತ ಹರಿದ ಜಾಗಗಳು. ಅಷ್ಟು ಚಂದದ ಸ್ಲೈಡನ್ನು ನಾನು ಅದುವರೆಗೆ ಮಾಡಿರಲಿಲ್ಲ.

ಸ್ಲೈಡಿನ ಮೇಲೆ ಹೆಸರು ಬರೆಯಲಿಲ್ಲ. ಡ್ರಾಯರಿಗೆ ಹಾಕಿದೆ. ಪ್ರೊಫೆಸರಿಗೆ ಮೇಲ್ ಬರೆದೆ: 'ಸ್ಪಷ್ಟವಾಗಿಲ್ಲ. ಇನ್ನಷ್ಟು ಮಾದರಿಗಳನ್ನು ನೋಡದೆ ಹೇಳುವಂತಿಲ್ಲ.' ಸುಳ್ಳಲ್ಲ, ಎಚ್ಚರಿಕೆ ಎಂದುಕೊಂಡೆ. ಮರುದಿನ ಕಾರಿನಲ್ಲಿ ಗದಗಿನವರಿಗೂ ಅದನ್ನೇ ಹೇಳಿದೆ.

"ಹೌದ್ರೀ? ನನಗ ಭಾಳ ಖಾತ್ರಿ ಅನಿಸಿತ್ತು," ಎಂದರು. ಆಮೇಲೆ, "ಹೋಗ್ಲಿ ಬಿಡ್ರಿ. ಕೋಳಿಯಾದ್ರೂ ತಿಂದ್ವಿ."

ವರದಿ ಹೋಯಿತು. ಹಕ್ಕಿಗಳ ಅಧ್ಯಾಯ ಪೂರ್ತಿ ನನ್ನದು. ರೇಡಿಯಾಲಜಿಗೆ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ. ಅಧ್ಯಾಯದ ಪ್ರತಿಯನ್ನು ನಾನು ಹಲವು ಸಲ ತೆರೆದು ನೋಡಿದೆ. ಪ್ರತಿ ಸಲವೂ ರೆಕ್ಕೆ ಹೆಕ್ಕುವ ಪುಟ ಬರುವ ಮೊದಲೇ ಮುಚ್ಚುತ್ತಿದ್ದೆ.

ಐದು ವಾರ ಕಳೆಯಿತು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸ್ಲೈಡ್ ಗುರುತಿಸುವ ಪರೀಕ್ಷೆ ಬಂತು. ಉದ್ದ ಮೇಜುಗಳ ಮೇಲೆ ಸಾಲಾಗಿ ಮೈಕ್ರೋಸ್ಕೋಪುಗಳು. ಒಂದು ನಿಮಿಷಕ್ಕೊಮ್ಮೆ ಗಂಟೆ. ಗಂಟೆ ಹೊಡೆದಾಗ ಎಲ್ಲರೂ ಮುಂದಿನದಕ್ಕೆ ಸರಿಯುತ್ತಾರೆ. ಶುರುವಾಗುವ ಮುಂಚೆ ಎಲ್ಲವನ್ನೂ ಒಮ್ಮೆ ನೋಡಿಬರುವುದು ನನ್ನ ಪದ್ಧತಿ. ಹನ್ನೊಂದನೆಯದಕ್ಕೆ ಕಣ್ಣಿಟ್ಟವನು ಹಾಗೇ ನಿಂತೆ.

"ಮೂಳೆಯ ಸ್ಲೈಡ್ ಒಂದು ಒಡೆದಿತ್ತು ಡಾಕ್ಟರ್," ಎಂದರು ಲ್ಯಾಬಿನ ಹಿರಿಯ ಸಹಾಯಕಿ. ಇಪ್ಪತ್ತು ವರ್ಷದಿಂದ ಅಲ್ಲೇ ಕೆಲಸ ಮಾಡುತ್ತಿರುವ ತಮಿಳು ಹೆಂಗಸು. "ನಿಮ್ಮ ಡ್ರಾಯರಿನಲ್ಲಿ ಇದೊಂದು ಸಿಕ್ಕಿತು, ಹೆಸರಿರಲಿಲ್ಲ. ಮೂಳೆಯೇ ಅಲ್ವಾ?"

ಆಕೆಗೂ ಗೊತ್ತಾಗಿತ್ತು.

ತೆಗೆಸಬಹುದಿತ್ತು. ಬಾಗಿಲ ಆಚೆ ಹುಡುಗರೂ ಹುಡುಗಿಯರೂ ಕೋಟು ಸರಿಮಾಡಿಕೊಳ್ಳುತ್ತಿದ್ದರು. ನಾನು ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಗಂಟೆ ಹೊಡೆಯಿತು.

ಮಧ್ಯಾಹ್ನ ಉತ್ತರಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು ಕೂತೆ. ಹನ್ನೊಂದನೆಯ ಪ್ರಶ್ನೆ: ಅಂಗಾಂಶ ಗುರುತಿಸಿ, ಒಂದು ಲಕ್ಷಣ ಬರೆಯಿರಿ. ಮೊದಲ ಪತ್ರಿಕೆಯಲ್ಲಿ 'ಮೂಳೆ, ಸ್ಪಂಜಿನ ಬಗೆ'. ಎರಡನೆಯದರಲ್ಲೂ ಅದೇ. ಮೂರನೆಯವಳು ಬರೆದಿದ್ದಳು: 'ಮೂಳೆ. ಗಡಿಬಿಡಿಯಲ್ಲಿ ಹೊಸದಾಗಿ ಬೆಳೆದಂತಿದೆ.' ಕಾಲೇಜು ಸೇರಿ ವರ್ಷ ತುಂಬದವಳು ಒಂದು ನಿಮಿಷದಲ್ಲಿ ನೋಡಿ ಬರೆದ ವಾಕ್ಯ. ಸರಿ ಎಂದು ಗುರುತು ಹಾಕದಿದ್ದರೆ ಆ ಮಕ್ಕಳ ಅಂಕ ಹೋಗುತ್ತದೆ. ಹಾಕಿದರೆ, ಐದು ವಾರದ ಹಿಂದೆ ನಾನು ಬರೆದ ಮೇಲ್ ತಪ್ಪೆಂದು ನನ್ನ ಕೈಯಿಂದಲೇ ಒಪ್ಪಿದಂತೆ. ಕೆಂಪು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ. ಎದ್ದು ಹೋಗಿ ನೀರು ಕುಡಿದು ಬಂದೆ.

ಆಮೇಲೆ ಒಂದೊಂದಕ್ಕೂ ಗುರುತು ಹಾಕಿದೆ. ಸರಿ. ಸರಿ. ಸರಿ. ಕಟ್ಟು ಮುಗಿಯುವ ಹೊತ್ತಿಗೆ ಕೈಗೆ ಅದೊಂದೇ ಅಭ್ಯಾಸವಾದಂತಿತ್ತು. ಕೊನೆಯ ಪತ್ರಿಕೆ ಮಡಚಿಟ್ಟು ಪ್ರೊಫೆಸರಿಗೆ ಫೋನ್ ಮಾಡಿದೆ.

"ಅದು ಮೂಳೆಯೇ. ಮೊಟ್ಟೆ ಇಡುವ ಹಕ್ಕಿಯದು. ಅವರು ಹೇಳಿದ್ದು ಸರಿ."

"ಒಳ್ಳೆಯದಾಯಿತು! ಹೊಸ ಮಾದರಿ ನೋಡಿದಿರಾ?"

"ಇಲ್ಲ. ಹಳೆಯದೇ. ಆವತ್ತೇ ನೋಡಿದ್ದೆ."

ಆ ಕಡೆ ಮಸೀದಿಯ ಬಾಂಗ್ ಮೊಳಗುತ್ತಿತ್ತು.

"ಪುತ್ರಜಯಾದ ಮೀಟಿಂಗ್ ಮುಗಿದು ಎರಡು ವಾರವಾಯಿತು ಡಾಕ್ಟರ್," ಎಂದರು ಅವರು. ಬೈಯಲಿಲ್ಲ. "ತೋಟದವರು ದಿಬ್ಬದ ಕಡಲ ಕಡೆಯ ಅಂಚನ್ನು ಸೋಮವಾರದಿಂದ ಅಗೆಯುತ್ತಿದ್ದಾರೆ."

ಆ ಸಂಜೆಯೇ ಸ್ಲೈಡಿನ ಚಿತ್ರಗಳನ್ನೂ ಸಹಿ ಹಾಕಿದ ಪತ್ರವನ್ನೂ ಕಳಿಸಿದೆ. ಪ್ರೊಫೆಸರ್ ಅದನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡಿ ಕೆಲಸ ನಿಲ್ಲಿಸಿದರು. ಅಷ್ಟರಲ್ಲಿ ದಿಬ್ಬದ ಮೂರನೆಯ ಒಂದು ಪಾಲು ಹೋಗಿತ್ತು. ಉಳಿದದ್ದಕ್ಕೆ ಬೇಲಿ ಬಂತು. ಹೋದ ಪಾಲಿನಲ್ಲಿ ಏನಿತ್ತೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅದು ನನ್ನ ಲೆಕ್ಕಕ್ಕೆ ಸೇರಿದ್ದು.

ಗದಗಿನವರಿಗೆ ಮರುದಿನ ಬೆಳಗ್ಗೆ ಕಾರಿನಲ್ಲಿ ಹೇಳಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಹೇಳಬೇಕೆಂದುಕೊಂಡಿದ್ದೆ. ಅಂದು ಎಲ್ಲ ಸಿಗ್ನಲ್ಲೂ ಹಸಿರು. ಕೊನೆಗೆ ಕಾಲೇಜಿನ ಪಾರ್ಕಿಂಗಿನಲ್ಲಿ ಎಂಜಿನ್ ನಿಲ್ಲಿಸಿ ಹೇಳಿದೆ. ಅವರು ಸೀಟ್‌ಬೆಲ್ಟ್ ಬಿಚ್ಚಲಿಲ್ಲ.

"ನೋಡಿದ್ರಿ. ನೋಡಿ, ಇಲ್ಲಂದ್ರಿ."

"ಹೌದು."

"ಯಾಕ್ರೀ ಸರ?"

"ಹೊಟ್ಟೆಕಿಚ್ಚು ಮಾರಾಯ್ರೆ. ಬೇರೆ ಎಂತದೂ ಇಲ್ಲ."

ಆ ಪದ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದ ಮೇಲೆ ಹಗುರವಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ.

"ನಾ ಮನ್ಯಾಗ ಹೇಂತಿ ಮುಂದ ಹೇಳಿದ್ದೆ, ನಂದ ತಪ್ಪಾತು, ಸರ್ ಬರೋಬ್ಬರಿ ಹೇಳ್ಯಾರ ಅಂತ," ಎಂದರು ಅವರು. ದನಿ ಏರಲಿಲ್ಲ. "ಐದು ವಾರ ನನ್ನ ಕಣ್ಣ ಮ್ಯಾಲ ನನಗ ನಂಬಿಕಿ ಇರಲಿಲ್ಲ. ಪೇಷಂಟ್ ಸ್ಕ್ಯಾನ್ ಎರಡೆರಡು ಸಲ ನೋಡಾಕ ಹತ್ತಿದ್ದೆ." ಬಾಗಿಲು ತೆಗೆದರು. "ನಾಳಿಂದ ನಾ ನನ್ನ ಗಾಡಿ ತರ್ತೀನ್ರಿ."

ತಂದರು. ತಿಂಗಳುಗಟ್ಟಲೆ ಲಿಫ್ಟಿನಲ್ಲಿ ಸಿಕ್ಕರೆ ತಲೆಯಾಡಿಸುವಷ್ಟೇ. ನನ್ನ ಹೆಂಡತಿ ಒಮ್ಮೆ, "ಅವರ ಹತ್ರ ಜಗಳ ಆಯ್ತಾ ರೀ?" ಎಂದು ಕೇಳಿದಳು. ನಡೆದದ್ದು ಹೇಳಿದೆ. ಅವಳು ತಟ್ಟೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ನನ್ನನ್ನು ನೋಡಿದಳು, ಮತ್ತೆ ನಲ್ಲಿ ತಿರುಗಿಸಿದಳು.

ಪ್ರೊಫೆಸರ್ ಮುಂದಿನ ಋತುವಿನಲ್ಲಿ ನಡುಗಡಲಿನ ಒಂದು ಬಂಡೆದ್ವೀಪಕ್ಕೆ ದೋಣಿ ಗೊತ್ತು ಮಾಡಿದರು. ಗದಗಿನವರನ್ನು ಕರೆದರು. ನನ್ನನ್ನು ಕರೆಯಲಿಲ್ಲ. ಫೋಟೋಗಳು ಬಂದವು: ಬೋಳು ಬಂಡೆ, ಮೇಲೆ ಟರ್ನ್‌ಗಳ ಮೋಡ, ಬಾಯಿಗೆ ಬಟ್ಟೆ ಒತ್ತಿಕೊಂಡು ದೋಣಿಯ ಅಂಚಿಗೆ ಬಾಗಿದ ಗದಗಿನವರು. ಬೂಬಿಗಳು ಈಗ ಅಲ್ಲಿ ಗೂಡು ಕಟ್ಟುವುದಿಲ್ಲವಂತೆ. ಅಷ್ಟು ವಾಂತಿ ಮಾಡಿಕೊಂಡರೂ ಅಲ್ಲಿ ಕಾಲಿಟ್ಟವರು ಅವರು. ದೋಣಿಗಳ ಊರಿನಲ್ಲಿ ಹುಟ್ಟಿದ ನಾನು ಆ ಫೋಟೋಗಳನ್ನು ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ಚಹಾ ಆರುವವರೆಗೂ ಹಿಗ್ಗಿಸಿ ಹಿಗ್ಗಿಸಿ ನೋಡಿದೆ.

ಅಧ್ಯಾಯವನ್ನು ಹೊಸದಾಗಿ ಬರೆಯಬೇಕಾಯಿತು. ಅವರ ಹೆಸರು ಮೊದಲು, ನನ್ನದು ನಂತರ. ಇದನ್ನು ನಾನೇ ಬರೆದು ಕೇಳಿದೆ. ಪ್ರೊಫೆಸರ್ ಒಪ್ಪಿ, ಒಂದು ಷರತ್ತು ಹಾಕಿದರು: ದಡದಲ್ಲಿ ರೆಕ್ಕೆ ಹೆಕ್ಕಿದರೆಂಬ ಹಳೆಯ ವಾದ ಯಾಕೆ ನಿಲ್ಲುವುದಿಲ್ಲ ಎನ್ನುವ ಭಾಗವನ್ನು ನಾನೇ ಬರೆಯಬೇಕು. ಹತ್ತು ಹನ್ನೆರಡು ಸಾಲು. ನಾಲ್ಕು ದಿನ ಹಿಡಿಯಿತು. ಮೊಟ್ಟೆಯ ಕಾಲದ ಮೂಳೆ, ಅದು ಸಿಕ್ಕ ಏಳು ತುಂಡು, ಅವು ಬಿದ್ದಿದ್ದ ಡಬ್ಬಿ, ಡಬ್ಬಿಯ ಮೇಲೆ ನಾನು ಬರೆದಿದ್ದ ಮಾತು, ಏನನ್ನೂ ಬಿಡಲಿಲ್ಲ. ಕೊನೆಯಲ್ಲಿ, 'ಆದ್ದರಿಂದ ಹಿಂದಿನ ವಾದ ತಪ್ಪು' ಎಂದು ಮುಗಿಸಿ ಗದಗಿನವರಿಗೆ ಕಳಿಸಿದೆ.

ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ ಕಡತ ವಾಪಸು ಬಂತು. ಇಡೀ ಭಾಗದಲ್ಲಿ ಒಂದೇ ತಿದ್ದುಪಡಿ. 'ತಪ್ಪು' ಎನ್ನುವುದನ್ನು ಹೊಡೆದು 'ಸಾಲದು' ಎಂದು ಮಾಡಿದ್ದರು. ಪಕ್ಕದಲ್ಲಿ ಟಿಪ್ಪಣಿ: 'ಏಳು ಬಿಟ್ಟು ಉಳಿದವುಗಳ ಒಳಗೆ ಏನೂ ಇಲ್ಲ. ಅವುಗಳಲ್ಲಿ ಕೆಲವು ದಡದಲ್ಲಿ ಸಿಕ್ಕವೂ ಇರಬಹುದು. ಅವರು ದೋಣಿಯಲ್ಲೂ ಹೋಗಿರಬಹುದು, ದಡದಲ್ಲೂ ಹೆಕ್ಕಿರಬಹುದು.'

ಸರಿಯಾಗಿತ್ತು. ನನ್ನ ಎರಡು ವರ್ಷದಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟನ್ನೇ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಅವರು ಉಳಿಸಿಕೊಟ್ಟಿದ್ದರು. ತಿದ್ದುಪಡಿಯನ್ನು ಒಪ್ಪಿ ಗುಂಡಿ ಒತ್ತಿದೆ. ನಾಲ್ಕು ದಿನ ಕೂತರೂ ಆ ಪದ ನನಗೆ ಯಾಕೆ ಹೊಳೆಯಲಿಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.